ಸಮುದ್ರದ ತಳದ ಸೊಳ್ಳೆಗಳು

ನಮ್ಮೂರಿನಲ್ಲಿ ದೇವತೆಗಳೂ ರಾಕ್ಷಸರೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಆ ದನಿ ಬಾಯ್ ಅತ್ತೆಯದು.

ಬಾಯ್ ಎಂದರೆ ಏಳು. ಮೆಕಾಂಗ್ ನದಿ ಕವಲೊಡೆದು ಕಡಲು ಸೇರುವ ನಮ್ಮ ಸೀಮೆಯಲ್ಲಿ ಮನುಷ್ಯರನ್ನು ಹುಟ್ಟಿದ ಸಾಲಿನ ಲೆಕ್ಕದಲ್ಲಿ ಕರೆಯುವುದು ವಾಡಿಕೆ. ಹಿರಿಯ ಮಗುವೇ ಎರಡು. ಒಂದು ಎಂಬುದು ಯಾರಿಗೂ ಇಲ್ಲ. ಚೊಚ್ಚಲ ಮಗುವನ್ನು ಒಂದು ಎಂದು ಕೂಗಿದರೆ ದೆವ್ವ ಬಂದು ಎತ್ತಿಕೊಂಡು ಹೋಗುತ್ತದಂತೆ. ಎರಡು ಎಂದು ಕೂಗಿದರೆ ಅದು ಒಂದನ್ನು ಹುಡುಕುತ್ತಾ ಮನೆಯೆಲ್ಲ ಸುತ್ತಿ, ಸುಸ್ತಾಗಿ, ವಾಪಸು ಹೋಗುತ್ತದಂತೆ. ನಮ್ಮ ದೆವ್ವಗಳು ಲೆಕ್ಕದಲ್ಲಿ ನನ್ನಷ್ಟೇ ಜಾಣರು. ನಾನು ಮನೆಗೆ ಕಡೆಯವನು, ಅದಕ್ಕೆ ನನ್ನನ್ನು ಊತ್ ಎನ್ನುತ್ತಾರೆ. ಈಗ ಶಾಲೆಯ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ, ತಲೆ ಬೋಳಾಗಿದೆ, ಆದರೂ ಊರಿಗೆಲ್ಲ ನಾನಿನ್ನೂ ಕಡೆಯ ಕೂಸೇ. ಬಾಯ್ ಅತ್ತೆಗೆ ಥ್ವಾ ಎಂಬ ಚೆಂದದ ಹೆಸರೊಂದಿದೆ; ಅದು ಸರ್ಕಾರಕ್ಕಷ್ಟೇ ಗೊತ್ತು. ಕನ್ನಡದ ಕಿವಿಗೆ ಬಾಯ್ ಎಂದರೆ ಬೇರೇನೋ ಕೇಳಿಸೀತು. ಅದೂ ಸುಳ್ಳಲ್ಲ. ಒಂದು ಕಾಲಕ್ಕೆ ಅವಳು ಇಡೀ ತಾಲ್ಲೂಕಿಗೆ ಬಾಯಿಯಾಗಿದ್ದವಳು.

ನನಗೆ ಹತ್ತೋ ಹನ್ನೊಂದೋ ವಯಸ್ಸಾಗಿದ್ದಾಗ ನಮ್ಮ ಕಾಯ್ ಸೆನ್ ಊರಿಗೆ ‘ಮುತ್ತಿನ ದೀಪ’ ಬಂತು. ಚೀನಾದ ಹಳೆಯ ಕಥೆಯ ಮೇಲೆ ಮಾಡಿದ ಧಾರಾವಾಹಿ. ಪೂರ್ವ ಸಮುದ್ರದ ನಾಗರಾಜನ ಅರಮನೆಯಿಂದ ಮುತ್ತಿನ ದೀಪವೊಂದನ್ನು ಸಾವಿರ ವರ್ಷದ ಹಾವುಮೀನು ರಾಕ್ಷಸ ಕದ್ದುಬಿಡುತ್ತಾನೆ. ಅದನ್ನು ಹುಡುಕಿ ತರಲು ರಾಜನ ಕಿರಿಮಗಳು ಮನುಷ್ಯರೂಪ ತೊಟ್ಟು ನೆಲಕ್ಕೆ ಬರುತ್ತಾಳೆ. ಅಲ್ಲಿ ಕೊಳಲೂದುವ ಬಡ ಪಂಡಿತನೊಬ್ಬ ಸಿಗುತ್ತಾನೆ. ಪಂಡಿತ ಊದುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಅರಮನೆಯ ಕಾವಲಿಗೆ ಒಬ್ಬ ಏಡಿ ಸೇನಾಪತಿ. ಬೆನ್ನ ಮೇಲೆ ಕಾಗದದ ಚಿಪ್ಪು, ಕೈಗೆ ರಟ್ಟಿನ ಎರಡು ಕೊಂಡಿ, ನಡೆಯುವುದು ಅಡ್ಡಡ್ಡ. ಮೂರನೆಯ ಕಂತಿನಲ್ಲಿ ಅವನ ಎಡಗೊಂಡಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾಯಿತು. ಕೊನೆಯವರೆಗೂ ಅದನ್ನು ಯಾರೂ ನೆಟ್ಟಗೆ ಮಾಡಲಿಲ್ಲ. ಅವನ ಮೇಲೆ ನಮಗೆ ಪ್ರೀತಿ ಹುಟ್ಟಿದ್ದು ಆಗಲೇ.

ಊರಿನ ಆ ಭಾಗಕ್ಕೆಲ್ಲ ಇದ್ದದ್ದು ಒಂದೇ ಟೀವಿ, ಹಾಯ್ ಅಜ್ಜಿಯ ಅಕ್ಕಿ ಗಿರಣಿಯಲ್ಲಿ. ಹಾಯ್ ಎಂದರೆ ಎರಡು, ಮನೆಗೆ ಹಿರಿಯಳು. ಆಗಲೇ ಅವಳನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು, ಈಗ ಹೇಳುವುದೇ ಬೇಡ. ಕಪ್ಪು ಬಿಳುಪಿನ ಆ ಪೆಟ್ಟಿಗೆ ಲಾರಿಯ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಬ್ಯಾಟರಿ ಸೊರಗಿದಾಗ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ, ನಾಗರಾಜ ಅಂಗೈಯಗಲ ಆಗಿಬಿಡುತ್ತಿದ್ದ. ದೇವತೆಗಳು ಐದು ಬಣ್ಣದ ಮೋಡದ ಮೇಲೆ ಬರುತ್ತಾರೆಂದು ಹೇಳಿದರೂ ನಮಗೆ ಐದೂ ಬೂದಿ ಬಣ್ಣವೇ. ಕಾಲು ತೊಳೆದು ಬಂದವರಿಗಷ್ಟೇ ಒಳಗೆ ಪ್ರವೇಶ ಎಂದು ಅಜ್ಜಿಯ ಕಟ್ಟಪ್ಪಣೆ. ನಾವು ಕಾಲುವೆಯಲ್ಲಿ ಕಾಲು ತೊಳೆದು, ಕೆಸರಿನ ದಂಡೆ ಹತ್ತಿ, ಮತ್ತಷ್ಟು ಕೊಳೆಯಾಗಿ ಒಳಗೆ ಹೋಗುತ್ತಿದ್ದೆವು.

ಆ ದಿನಗಳಲ್ಲಿ ನಾನೂ ಒಮ್ಮೆ ಮೋಡ ಹತ್ತಿದೆ. ರಾಜಕುಮಾರಿ ಎರಡು ಬೆರಳೆತ್ತಿ ಮೋಡವನ್ನು ಕರೆಯುವ ಹಾಗೆ ಕರೆದು, ಅಮ್ಮನ ಚೂಪು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಿದಿರಿನ ಸೇತುವೆಯಿಂದ ಹಾರಿದೆ. ಕೆಳಗೆ ಯಾರದೋ ಬಾತುಕೋಳಿಯ ಹಿಂಡು ಹೋಗುತ್ತಿತ್ತು. ಮೋಡ ಬರಲಿಲ್ಲ, ಬಾತುಗಳು ನನ್ನನ್ನು ಹೊತ್ತುಕೊಳ್ಳಲು ಒಪ್ಪಲಿಲ್ಲ. ಟೋಪಿ ಕಾಲುವೆ ದಾಟಿ ಹೋಯಿತು. ಆ ಟೋಪಿಯ ವಿಷಯದಲ್ಲಿ ಅಮ್ಮ ನನಗೆ ಕೊಟ್ಟ ಪೆಟ್ಟು ಮಾತ್ರ ಬಣ್ಣ ಬಣ್ಣವಾಗಿತ್ತು.

ಈಗ ಬಾಯ್ ಅತ್ತೆಯ ಕೆಲಸದ ವಿಚಾರ. ಧಾರಾವಾಹಿ ಚೀನೀ ಭಾಷೆಯಲ್ಲಿತ್ತು. ಪಾತ್ರಕ್ಕೊಂದು ದನಿ ಕೊಡಿಸುವಷ್ಟು ಜನ ನಮ್ಮ ತಾಲ್ಲೂಕು ಪ್ರಸಾರ ಕೇಂದ್ರದಲ್ಲಿ ಇರಲಿಲ್ಲ; ಅಲ್ಲಿ ಇದ್ದವರೇ ಇಬ್ಬರು. ಕಾಲುವೆಯ ದಂಡೆಯ ಮೇಲೆ ಒಂದೇ ಕಿಟಕಿಯ ಒಂದು ಕೋಣೆ. ಅದರಲ್ಲಿ ಯಂತ್ರದ ಗುಂಡಿಗಳನ್ನು ತಿರುಗಿಸಲು ತಾಮ್ ಎಂಬ ತರುಣ, ಮೈಕಿನ ಮುಂದೆ ಬಾಯ್ ಅತ್ತೆ. ತಾಮ್ ಎಂದರೆ ಎಂಟು. ಬೇರೆ ಬೇರೆ ಮನೆಯ ಏಳೂ ಎಂಟೂ ಅಕ್ಕಪಕ್ಕ ಕೂತಿದ್ದರಿಂದ ಊರಿಗೆ ಮೊದಲಿಂದಲೂ ಸ್ವಲ್ಪ ತಮಾಷೆ.

ಚಿತ್ರ ಓಡುತ್ತಿರುವಾಗಲೇ ಅತ್ತೆ ಎಲ್ಲರ ಮಾತನ್ನೂ ಓದಬೇಕು. ನಾಗರಾಜ, ರಾಜಕುಮಾರಿ, ಹಾವುಮೀನು, ಅಳುವ ಮಗು, ಎಲ್ಲ ಅವಳೇ. ದನಿಯಲ್ಲಿ ಏರಿಲ್ಲ, ಇಳಿತವಿಲ್ಲ. ‘ನಿನ್ನ ಎಲುಬು ಪುಡಿ ಮಾಡುತ್ತೇನೆ’ ಎಂಬುದನ್ನೂ ದೋಣಿ ಹೊರಡುವ ವೇಳೆಯನ್ನೂ ಒಂದೇ ರಾಗದಲ್ಲಿ ಓದುತ್ತಿದ್ದಳು. ಜೊತೆಗೆ ಅವಳು ಯಾವಾಗಲೂ ಚಿತ್ರಕ್ಕಿಂತ ಒಂದು ಹೆಜ್ಜೆ ಹಿಂದೆ. ರಾಕ್ಷಸನ ರುಂಡ ಉರುಳಿ ನಿಂತ ಮೇಲೆ ಅವನ ಗರ್ಜನೆ ಕೇಳಿಸುತ್ತಿತ್ತು. ತಾಯಿಯ ಬಾಯಲ್ಲಿ ಮಗುವಿನ ಅಳು, ಕುದುರೆಯ ಬಾಯಲ್ಲಿ ಮಂತ್ರಿಯ ಸಲಹೆ. ನಾವು ಅದಕ್ಕೆ ಎಷ್ಟು ಒಗ್ಗಿಕೊಂಡಿದ್ದೆವೆಂದರೆ, ಎದುರಿಗಿದ್ದವರು ಬಾಯಿ ಮುಚ್ಚಿದ ಮೇಲೆ ಮಾತು ಬರುವುದೇ ಸರಿ ಎಂದುಕೊಂಡಿದ್ದೆವು.

ಅವಳ ನಿಜವಾದ ಕಷ್ಟ ಬೇರೆ ಇತ್ತು. ನಮ್ಮ ಭಾಷೆಯಲ್ಲಿ ಬರೀ ‘ನಾನು’, ಬರೀ ‘ನೀನು’ ಎಂಬುದಿಲ್ಲ. ಎದುರಿಗಿರುವವರು ಅಣ್ಣನೋ, ಚಿಕ್ಕಪ್ಪನೋ, ತಂಗಿಯೋ, ಅಜ್ಜನೋ ಎಂದು ತೀರ್ಮಾನಿಸದೆ ‘ಊಟ ಮಾಡಿದೆಯಾ’ ಎಂದು ಕೇಳುವುದಕ್ಕೂ ಆಗದು. ಚೀನೀ ಮಾತನ್ನು ತಿಳಿಸಿಕೊಡುತ್ತಿದ್ದ ನಾರುಬೇರಿನ ಅಂಗಡಿಯ ಮುದುಕ ಕ್ವಾಕ್ ಆ ತಲೆನೋವನ್ನು ಇಟ್ಟುಕೊಂಡಿರಲಿಲ್ಲ. ಎಲ್ಲರಿಗೂ ಹಳಗಾಲದ ‘ಎಲವೋ’ ಹಾಕಿ ಕೊಟ್ಟುಬಿಡುತ್ತಿದ್ದ. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಅತ್ತೆಯೇ ಓದುತ್ತಾ ಓದುತ್ತಾ ಗೊತ್ತುಮಾಡಬೇಕು. ಹೀಗೆ ಸಮುದ್ರದ ತಳದ ಸಂಬಂಧಗಳೆಲ್ಲ ಅವಳ ನಾಲಿಗೆಯ ಮೇಲೆ ನಿಂತಿದ್ದವು.

ಇದರಲ್ಲಿ ಒಂದು ಸೂಕ್ಷ್ಮವಿದೆ. ತನಗಿಂತ ಸ್ವಲ್ಪ ದೊಡ್ಡ ಗಂಡಸನ್ನು ಹೆಂಗಸು ‘ಆಞ್’ ಎಂದು ಕರೆಯಬೇಕು. ಅಣ್ಣ ಎಂದು ಅರ್ಥ. ಗಂಡನನ್ನೂ ‘ಆಞ್’ ಎಂದೇ ಕರೆಯಬೇಕು. ವ್ಯತ್ಯಾಸ ಇರುವುದು ಬಾಲದಲ್ಲಿ. ‘ಆಞ್ ತಾಮ್’ ಎಂದು ಸಂಖ್ಯೆ ಹಚ್ಚಿ ಕರೆದರೆ ಎಂಟನೆಯ ಅಣ್ಣ, ನೆರೆಹೊರೆಯ ಮರ್ಯಾದೆ. ಸಂಖ್ಯೆ ಬಿಟ್ಟು, ಸ್ವಲ್ಪ ಎಳೆದು, ‘ಆಞ್ ಓಯ್’ ಎಂದಿರೋ, ಅದು ಅಡುಗೆಮನೆಯಿಂದ ಹೆಂಡತಿ ಕೂಗುವ ‘ರೀ’.

ಮೊದಲ ವಾರವೇ ಅದಾಯಿತು. ಪರದೆಯ ಮೇಲೆ ಅರಮನೆ. ರಾಜಕುಮಾರಿ ಸಿಂಹಾಸನದ ಮೆಟ್ಟಿಲ ಮೇಲೆ, ಎದುರಿಗೆ ಏಡಿ ಸೇನಾಪತಿ. ಕೇಂದ್ರದ ಕೋಣೆಯಲ್ಲಿ ದೀಪ ಒಂದೇ. ಕಾಲುವೆಯ ಸೊಳ್ಳೆಗಳೆಲ್ಲ ಅದರ ಸುತ್ತ. ಅತ್ತೆಯ ಎರಡೂ ಕೈಯಲ್ಲಿ ಹಾಳೆ, ಕಾಲಿಗೆ ಸೊಳ್ಳೆ. ಅವಳು ಮೈಕಿನಿಂದ ಮುಖ ತಿರುಗಿಸಿದಳು, ಆದರೆ ಸಾಲುವಷ್ಟು ತಿರುಗಿಸಲಿಲ್ಲ. ಇಡೀ ತಾಲ್ಲೂಕು ಕೇಳಿಸಿಕೊಂಡಿತು, ಪೂರ್ವ ಸಮುದ್ರದ ನಾಗಕನ್ಯೆ ಏಡಿ ಸೇನಾಪತಿಗೆ ಹೇಳಿದ್ದನ್ನು:

“ಆಞ್ ಓಯ್, ಆ ಕಿಟಕಿ ಸ್ವಲ್ಪ ಹಾಕ್ರೀ. ಸೊಳ್ಳೆ ತಿಂದುಹಾಕ್ತಿವೆ.”

ಸಂಖ್ಯೆ ಇರಲಿಲ್ಲ. ಎಳೆತ ಇತ್ತು. ಅಷ್ಟೇ ಆಗಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ಆದರೆ ಅದೇ ಗಳಿಗೆಗೆ ಪರದೆಯ ಮೇಲಿನ ಏಡಿ ಸೇನಾಪತಿ ತಲೆ ಬಾಗಿಸಿ, ಅಡ್ಡಡ್ಡ ನಡೆದು, ಆಚೆ ಹೋದ. ಹಿಂದೆಯೇ ದಢಾರನೆ ಕಿಟಕಿ ಹಾಕಿದ ಸದ್ದು. ಅದು ತಾಮ್ ಹಾಕಿದ ಕಿಟಕಿ.

ಗಿರಣಿಯಲ್ಲಿ ಹಾಯ್ ಅಜ್ಜಿ ಅಡಿಕೆ ಅಗಿಯುವುದನ್ನು ನಿಲ್ಲಿಸಿ, ಓಹೋ, ಇವರಿಬ್ಬರದು ಹಳೇ ಕಥೆ ಎಂದಳು. ಸಮುದ್ರದ ತಳದಲ್ಲಿ ಸೊಳ್ಳೆ ಎಲ್ಲಿಂದ ಬಂತೆಂದು ನನ್ನ ಗೆಳೆಯ ಲ್ವಾನ್ ಕೇಳಿದ. ನೀರಿರೋ ಕಡೆ ಸೊಳ್ಳೆ ಇಲ್ಲದೆ ಇನ್ನೇನಿರುತ್ತೆ ಎಂದು ಅಜ್ಜಿ ಅವನ ತಲೆಗೆ ಮೊಟಕಿದಳು. ಆ ತರ್ಕಕ್ಕೆ ಎದುರಾಡುವವರು ಯಾರು?

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಮರುದಿನ ಸಂತೆಯಲ್ಲಿ ಬೇರೆ ಮಾತೇ ಇಲ್ಲ. ಮೀನು ಮಾರುವ ಹೆಂಗಸರು ರಾಜಕುಮಾರಿಯ ಪರ ವಹಿಸಿದರು: ಅವಳಿಗೆ ಮನೆ ಕಾಯುವ ಗಂಡಸೇ ಸರಿ, ಕೆಮ್ಮುವವನನ್ನು ಕಟ್ಟಿಕೊಂಡು ಏನು ಮಾಡುತ್ತಾಳೆ. ಅತ್ತೆ ಅಡಕತ್ತರಿಗೆ ಸಿಕ್ಕಿದಳು. ಮುಂದಿನ ಕಂತಿನಲ್ಲಿ ರಾಜಕುಮಾರಿ ಏಡಿಯನ್ನು ‘ಎಲವೋ’ ಎಂದರೆ, ಹಿಂದಿನ ವಾರದ ‘ಆಞ್ ಓಯ್’ ಯಾರಿಗೆ ಹೇಳಿದ್ದು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಕೋಣೆಯಲ್ಲಿ ಪಕ್ಕದಲ್ಲೇ ಕೂತಿದೆ. ಹಾಗಾಗಿ ಅವಳು ಮೀನಿನ ಹೆಂಗಸರ ದಾರಿಯನ್ನೇ ಹಿಡಿದಳು. ಅಂದಿನಿಂದ ನಮ್ಮೂರಿನ ‘ಮುತ್ತಿನ ದೀಪ’ದಲ್ಲಿ ರಾಜಕುಮಾರಿ ಏಡಿಯನ್ನು ಪ್ರತಿ ಮಾತಿಗೂ ಆಞ್ ಎಂದಳು. ಅವಳು ಕೆಂಡಾಮಂಡಲವಾಗಿ ಖಡ್ಗ ಹಿರಿದು ಅವನ ಮೇಲೆ ಏರಿಹೋಗುವಾಗಲೂ ದನಿ ಮಾತ್ರ, ಆಞ್, ಹೀಗೆಲ್ಲ ಮಾಡಬಾರದು ಎನ್ನುತ್ತಿತ್ತು. ಗಂಡಹೆಂಡಿರ ಜಗಳ ಹೀಗೇ ಎಂದು ನಾವು ತಿಳಿದೆವು. ಬಡಪಾಯಿ ಪಂಡಿತ, ಕಥಾನಾಯಕ, ನಮ್ಮೂರಿನ ಮಟ್ಟಿಗೆ ಪರರ ಮನೆಯ ಬಾಗಿಲಲ್ಲಿ ಕೊಳಲೂದುವ ಪೋಲಿಯಾದ.

ಆದರೆ ಕಿಟಕಿಯ ಸದ್ದನ್ನು ಕೇಳಿದವರಿಗೆ ಲೆಕ್ಕ ಸಿಕ್ಕಿತ್ತು. ತಾಮ್ ಮಾವನ ಹೆಸರು ‘ಏಡಿ’ ಎಂದಾಯಿತು. ಅವನು ಸಂತೆಗೆ ಬಂದರೆ ಹುಡುಗರು ಅಡ್ಡಡ್ಡ ನಡೆಯುತ್ತಿದ್ದರು. ಅವರಲ್ಲಿ ನಾನೇ ಮುಂದೆ. ಅವನು ನಗುತ್ತಿದ್ದ. ಅತ್ತೆ ನಗಲಿಲ್ಲ. ಮರುದಿನದಿಂದಲೇ ಅವಳು ಅವನನ್ನು ಕರೆಯುವುದನ್ನು ಬಿಟ್ಟಳು. ಮಾತು ಬಿಡಲಿಲ್ಲ, ಕರೆಯುವುದನ್ನು ಬಿಟ್ಟಳು. ಆಞ್ ಓಯ್ ಎನ್ನುವಂತಿಲ್ಲ. ಇನ್ನು ಆಞ್ ತಾಮ್ ಎಂದರೆ, ಬಿಟ್ಟ ಸಂಖ್ಯೆಯನ್ನು ಹೆದರಿ ವಾಪಸು ತಂದಳು ಎಂದು ಊರು ನಕ್ಕೀತು. ಆದ್ದರಿಂದ ಏನೂ ಇಲ್ಲ. ಅವಳು ಸಿಟ್ಟಾಗಿದ್ದಾಳೆ ಎಂದು ಅವನು ತಿಳಿದ. ಅವನು ಊರಿನ ಜೊತೆ ಸೇರಿ ನಗುತ್ತಿದ್ದಾನೆ ಎಂದು ಇವಳು ತಿಳಿದಳು. ಅಲ್ಲಿಗೆ ಎರಡು ಮದುವೆ ಮುರಿದವು. ಯಾಕೆಂದರೆ ಅವನನ್ನು ನೋಡಲು ಬಂದ ಹೆಣ್ಣಿನ ಕಡೆಯವರಿಗೂ, ಅವಳನ್ನು ನೋಡಲು ಬಂದ ಗಂಡಿನ ಕಡೆಯವರಿಗೂ, ಊರವರು ಮೊದಲು ಸೊಳ್ಳೆಯ ಕಥೆಯನ್ನೇ ಹೇಳುತ್ತಿದ್ದರು.

ಕಡೆಯ ಕಂತು ಬರಲೇ ಇಲ್ಲ. ಆ ವಾರ ಬಿರುಗಾಳಿಗೆ ಪ್ರಸಾರದ ಕಂಬ ಮುರಿದು ಕಾಲುವೆಗೆ ಬಿತ್ತು. ಕಂಬ ಎತ್ತಿ ನಿಲ್ಲಿಸುವ ಹೊತ್ತಿಗೆ ಕ್ಯಾಸೆಟ್ ಬೇರೆ ತಾಲ್ಲೂಕಿಗೆ ಹೋಗಿತ್ತು. ನಮ್ಮ ತಲೆಮಾರು ರಾಜಕುಮಾರಿಯನ್ನೂ ಏಡಿಯನ್ನೂ ಹಿಂದಿನ ಕಂತು ಮುಗಿದ ಬಂಡೆಯ ಮೇಲೆಯೇ ಎದುರುಬದುರು ನಿಲ್ಲಿಸಿ, ಹಾಗೇ ಬಿಟ್ಟು, ದೊಡ್ಡದಾಯಿತು.

ಮೂವತ್ತು ವರ್ಷ ಕಳೆದವು. ಕೇಂದ್ರ ಮುಚ್ಚಿತು. ಬಾಯ್ ಅತ್ತೆ ಸೇತುವೆಯ ಬುಡದಲ್ಲಿ ಚೆ ಮಾರಲು ಕೂತಳು. ಹೆಸರುಬೇಳೆ, ಬಾಳೆಹಣ್ಣು, ತೆಂಗಿನಹಾಲಿನ ಸಿಹಿ ಗಂಜಿ. ತಾಮ್ ಮಾವ ಎದುರು ಸಾಲಿನಲ್ಲಿ ಫ್ಯಾನು, ಸ್ಪೀಕರು ರಿಪೇರಿ ಮಾಡುವ ಅಂಗಡಿ ತೆರೆದ. ಬೇರೆ ಊರಿನಲ್ಲಿ ತೆರೆಯಬಹುದಿತ್ತು, ಕನಿಷ್ಠ ಪಕ್ಕದ ಬೀದಿಯಲ್ಲಾದರೂ. ದಿನಾ ಮಧ್ಯಾಹ್ನ ರಸ್ತೆ ದಾಟಿ ಬಂದು ಅದೇ ಸಣ್ಣ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುತ್ತಾನೆ. ಆಮೇಲಿನ ಸಂಭಾಷಣೆಯನ್ನು ಊರಿನ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಕೇಳುವುದು ಅತ್ತೆ, ಉತ್ತರ ಮಾವನದು.

“ಆಯ್ತಾ?”

“ಆಗ್ತಾ ಇದೆ.”

“ಸಿಹಿ?”

“ಸಾಕು.”

“ಇನ್ನೂ?”

“ಬೇಡ.”

ನೋಡಿ, ಎಲ್ಲೂ ನೀನಿಲ್ಲ, ನೀವಿಲ್ಲ, ಅಣ್ಣನಿಲ್ಲ, ತಂಗಿಯಿಲ್ಲ. ನಮ್ಮ ಭಾಷೆಯಲ್ಲಿ ಹೀಗೆ ಮಾತಾಡುವುದು ಹಗ್ಗದ ಮೇಲೆ ನಡೆದ ಹಾಗೆ. ನಾನು ಅರ್ಧ ದಿನ ಹೆಂಡತಿಯ ಜೊತೆ ಪ್ರಯತ್ನಿಸಿ ನೋಡಿದೆ, ಸಂಜೆಗೆ ಅವಳು ತವರಿಗೆ ಹೊರಟಳು. ಇವರಿಬ್ಬರು ಮೂವತ್ತು ವರ್ಷ ಬೀಳದೆ ನಡೆದರು.

ಈ ಬಾರಿ ಹೊಸವರ್ಷಕ್ಕೆ ಮುಂಚೆ ಒಂದು ಸುದ್ದಿ ಬಂತು. ತಾಮ್ ಮಾವನ ಅಣ್ಣನ ಮಗ ದೂರದ ಕಡಲ ತೀರದ ಪೇಟೆ ವುಂಗ್ ತಾವ್‌ನಲ್ಲಿ ಮನೆ ಕಟ್ಟಿಸಿದ್ದಾನೆ, ಒಬ್ಬರೇ ಯಾಕಿರ್ತೀರಿ, ಬನ್ನಿ ಎಂದು ಕರೆದಿದ್ದಾನೆ, ಮಾವ ಒಪ್ಪಿದ್ದಾನೆ. ಒಲೆಯ ದೇವರು ಮೀನಿನ ಮೇಲೆ ಕೂತು ಸ್ವರ್ಗಕ್ಕೆ ವರ್ಷದ ವರದಿ ಒಪ್ಪಿಸಲು ಹೋಗುವ ದಿನ ಅವನ ಲಾರಿ ಬರುತ್ತದೆ. ಅಂಗಡಿಯ ಬೋರ್ಡು ಆಗಲೇ ಇಳಿದಿತ್ತು.

ಬೋರ್ಡು ಇಳಿದ ದಿನ ಅತ್ತೆಯ ಚೆ ಉಪ್ಪಾಯಿತು. ಮರುದಿನವೂ ಉಪ್ಪಾಯಿತು. ನಾವೆಲ್ಲ ಮುಖ ಕಿವುಚಿದೆವು. ಮಾವ ಮಾತ್ರ ಬಟ್ಟಲು ಖಾಲಿ ಮಾಡಿ, ಸಿಹಿ ಎಂದು ಕೇಳಿದರೆ, ಸಾಕು ಎಂದ. ಆ ಮುದುಕ ಒಂದು ಮಾತಿಗಾಗಿ ಕಾಯುತ್ತಿದ್ದಾನೆ, ಈ ಮುದುಕಿಗೆ ಅದು ಗಂಟಲಲ್ಲೇ ನಿಂತಿದೆ ಎಂಬುದು ಸೇತುವೆಯ ಮೇಲೆ ಹೋಗುವ ನಾಯಿಗೂ ಗೊತ್ತಿತ್ತು. ಅವಳು ಅವನನ್ನು ಒಮ್ಮೆ ಕರೆದರೆ ಲಾರಿ ಖಾಲಿ ಹೋಗುತ್ತದೆ. ಕರೆಯದಿದ್ದರೆ ಸ್ಟೂಲು ಖಾಲಿ.

ಅದೇ ಹೊತ್ತಿಗೆ ಲ್ವಾನ್ ‘ಮುತ್ತಿನ ದೀಪ’ವನ್ನು ಮೊಬೈಲಿನಲ್ಲಿ ಪತ್ತೆ ಮಾಡಿದ. ಅಂದು ಅಜ್ಜಿಯಿಂದ ಮೊಟಕಿಸಿಕೊಂಡ ಹುಡುಗ ಈಗ ನಮ್ಮೂರಿನ ಸಾಂಸ್ಕೃತಿಕ ಅಧಿಕಾರಿ. ಹಬ್ಬಕ್ಕೆ ಬಾವುಟ ಕಟ್ಟಿಸುವುದು, ಧ್ವನಿವರ್ಧಕದಲ್ಲಿ ಕಸದ ವಿಚಾರ ಹೇಳುವುದು ಅವನ ಸಂಸ್ಕೃತಿ. ಕಾಫಿ ಅಂಗಡಿಯಲ್ಲಿ ನಾವು ನಾಲ್ಕಾರು ಬೋಳುತಲೆಗಳು ಅಂಗೈಯಗಲದ ಪರದೆಯ ಸುತ್ತ ಸೇರಿದೆವು. ಬ್ಯಾಟರಿ ಸೊರಗಿದ ಕಾಲ ನೆನಪಾಗಿ ಕಣ್ಣು ತುಂಬಿತು. ಆಮೇಲೆ ದನಿ ಬಂತು, ಕಣ್ಣು ಒಣಗಿತು.

ಚಿತ್ರ ಹಳೆಯದೇ, ದನಿಯನ್ನೆಲ್ಲ ಹೊಸದಾಗಿ ಮಾಡಿದ್ದರು. ರಾಜಕುಮಾರಿಗೆ ಜೇನಿನಂಥ ದನಿ, ರಾಕ್ಷಸನಿಗೆ ರಾಕ್ಷಸನ ದನಿ, ಮಗುವಿಗೆ ಮಗುವಿನದು. ಬಾಯಿ ತೆರೆದಾಗಲೇ ಮಾತು. ಇಷ್ಟೊಂದು ಜನ ಒಟ್ಟಿಗೆ ಮಾತಾಡಿದರೆ ಕಥೆ ಅರ್ಥವಾಗುವುದು ಹೇಗೆ? ಅದಕ್ಕಿಂತ ಘೋರವೆಂದರೆ, ಆ ರಾಜಕುಮಾರಿ ಏಡಿಯನ್ನು ಮೊದಲಿಂದಲೂ ‘ಎಲವೋ’ ಎನ್ನುತ್ತಾಳೆ. ದೀಪ ಕದಿಯಲು ರಾಕ್ಷಸನಿಗೆ ಬಾಗಿಲು ತೆಗೆದುಕೊಟ್ಟವನೇ ಏಡಿಯಂತೆ. ಕಡೆಯ ಕಂತಿನಲ್ಲಿ ಅವನನ್ನು ಅರಮನೆಯಿಂದ ಓಡಿಸಿ, ಅವಳು ಪಂಡಿತನನ್ನು ಮದುವೆಯಾಗುತ್ತಾಳಂತೆ.

ಲ್ವಾನ್ ಮೊಬೈಲನ್ನು ಮಗುಚಿಟ್ಟ. “ಇವಳು ನಮ್ಮ ರಾಜಕುಮಾರಿ ಅಲ್ಲ ಕಣೋ ಊತ್. ಯಾರೋ ಪೇಟೆಯವಳು.”

ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ತೀರ್ಮಾನವಾಯಿತು. ಒಲೆ ದೇವರ ದಿನದ ಹಿಂದಿನ ಸಂಜೆ ಗಿರಣಿಯ ಗೋಡೆಯ ಮೇಲೆ ಕಡೆಯ ಕಂತನ್ನು ಹಾಕುವುದು, ಪೇಟೆಯವರ ದನಿ ಅಡಗಿಸಿ ಬಾಯ್ ಅತ್ತೆಯಿಂದ ಓದಿಸುವುದು. ಕೇಳಲು ಹೋದಾಗ ಅತ್ತೆ ಸೌಟಿನಿಂದಲೇ ನಮ್ಮನ್ನು ಅಟ್ಟಿದಳು. ಹಲ್ಲಿಲ್ಲ, ಕಣ್ಣಿಲ್ಲ, ದನಿ ಒಡೆದಿದೆ, ನಿಮಗೆ ಬೇರೆ ಕೆಲಸವಿಲ್ಲ. ಲ್ವಾನ್ ಬೇಡಿದ, ನಾನು ಹಲ್ಲು ಕಿರಿದೆ. ಸೌಟು ತಿರುವುತ್ತಲೇ ಅವಳು ಕೇಳಿದಳು:

“ಯಂತ್ರ ಯಾರು ನೋಡ್ಕೊಳ್ಳೋದು?”

“ಇನ್ಯಾರು ಅತ್ತೆ, ಏಡಿ ಮಾವ.”

ಸೌಟು ಎರಡು ಸುತ್ತು ತಿರುಗಿತು. “ಅಕ್ಷರ ದಪ್ಪ ಇರ್ಲಿ,” ಎಂದಳು.

ದಪ್ಪ ಅಕ್ಷರದ ಹೊಣೆ ಜೆರಾಕ್ಸ್ ಅಂಗಡಿಯವನದೇ. ಪೇಟೆಯವರ ಮಾತನ್ನು ಕೇಳಿ ಕೇಳಿ ಬರೆದೆ. ಎಲ್ಲ ಸರಾಗವಾಗಿ ಬಂತು, ಏಡಿಯನ್ನು ಓಡಿಸುವ ಜಾಗದವರೆಗೆ. ಅಲ್ಲಿ ರಾಜಕುಮಾರಿ ಹೇಳುವುದು ಇಷ್ಟೇ: ‘ಎಲವೋ, ಹೊರಟುಹೋಗು.’ ‘ಎಲವೋ’ ಎಂದು ಬರೆದರೆ ಮುದುಕಿಯ ಬಾಯಿಂದಲೇ ಮುದುಕನನ್ನು ಓಡಿಸಿದ ಪಾಪ ನನ್ನದು. ‘ಆಞ್’ ಎಂದು ಬರೆದರೆ ನನ್ನ ಹಲ್ಲುಗಳು ಅವಳ ಹಲ್ಲುಗಳ ಹಿಂದೆ ಹೋಗುತ್ತವೆ. ನಾನು ಹುಟ್ಟಾ ಧೈರ್ಯವಂತ. ಚುಕ್ಕಿಗಳನ್ನಿಟ್ಟು ಜಾಗ ಖಾಲಿ ಬಿಟ್ಟೆ. ಸಂಬಂಧ ಗೊತ್ತುಮಾಡುವುದು ಹಿರಿಯರ ಕೆಲಸ.

ಆ ಸಂಜೆ ಸೂರ್ಯ ಕಾಲುವೆಗೆ ಇಳಿಯುತ್ತಿದ್ದ ಹಾಗೆ ಜನ ಸೇರಿದರು. ಕಾಲು ತೊಳೆದು ಬಂದವರೆಷ್ಟು ಎಂದು ನೋಡಲು ಹಾಯ್ ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿ ತಂದು ಮುಂದೆ ಇಟ್ಟಿದ್ದರು. ಗೋಡೆಯ ಪಕ್ಕ ಒಂದು ಮೇಜು. ಅದರ ಈ ತುದಿಗೆ ಮೈಕು, ಕನ್ನಡಕ, ಬಾಯ್ ಅತ್ತೆ. ಆ ತುದಿಗೆ ಯಂತ್ರ, ಕಿವಿಗೆ ಹೆಡ್‌ಫೋನು ಹಾಕಿಕೊಂಡ ತಾಮ್ ಮಾವ. ಅತ್ತೆ ಹೊಸ ಅಂಗಿ ತೊಟ್ಟಿದ್ದಳು. ಕೇಳಿದವರಿಗೆ, ಹಳೇದು ಒಣಗಿಲ್ಲ ಎಂದಳು. ಮಾವ ಮೈಕನ್ನು ಅವಳ ಬಾಯಿಯ ಎತ್ತರಕ್ಕೆ ಸರಿಮಾಡಿದ. ಆಯ್ತಾ ಎಂದ. ಆಯ್ತು ಎಂದಳು.

ಅವಳು ಓದಲು ಶುರು ಮಾಡಿದಾಗ ನನ್ನ ಮುಂದೆ ಕೂತಿದ್ದ ಬೋಳುತಲೆಗಳೆಲ್ಲ ಒಟ್ಟಿಗೆ ನೆಟ್ಟಗಾದವು. ದನಿ ಒಡೆದಿತ್ತು, ಹಲ್ಲಿನ ಸಂದಿನಲ್ಲಿ ಗಾಳಿ ಹೊರಡುತ್ತಿತ್ತು, ಆದರೆ ಅದೇ ರಾಗ. ಹಾವುಮೀನು ಸತ್ತು ಬಿದ್ದ ಮೇಲೆ ಅದರ ಶಾಪ ಕೇಳಿಸಿತು. ಲ್ವಾನ್ ನನ್ನ ತೊಡೆಯನ್ನು ಗಟ್ಟಿಯಾಗಿ ಅದುಮಿದ. ಕಣ್ಣೊರೆಸಿಕೊಳ್ಳಲು ಅವನ ಕರವಸ್ತ್ರ ಸಾಲದೆ ನನ್ನ ಅಂಗಿಯ ತೋಳಿಗೂ ಬಂದ. ಇಂದಿನ ಮಕ್ಕಳು ನಮ್ಮನ್ನು ನೋಡಿ ನಗುತ್ತಿದ್ದರು.

ಆಮೇಲೆ ಅರಮನೆ ಬಂತು. ಮೆಟ್ಟಿಲ ಮೇಲೆ ರಾಜಕುಮಾರಿ, ಕೆಳಗೆ ಸೊಟ್ಟ ಕೊಂಡಿಯ ಏಡಿ. ಈಗ ಬಣ್ಣದಲ್ಲಿ ನೋಡಿದರೆ ಅವನ ಚಿಪ್ಪು ಕೆಂಪಗಿತ್ತು, ಬೇಯಿಸಿದ ಏಡಿಯ ಹಾಗೆ. ನಮಗೆ ಅದೂ ಇಷ್ಟು ದಿನ ಗೊತ್ತಿರಲಿಲ್ಲ. ರಾಜಕುಮಾರಿ ಬೆರಳು ಚಾಚಿ ಬಾಯಿ ತೆರೆದಳು.

ಮೈಕಿನಿಂದ ಏನೂ ಬರಲಿಲ್ಲ.

ಅವಳಿಗೆ ನನ್ನ ಚುಕ್ಕಿಗಳು ಸಿಕ್ಕಿದ್ದವು. ಕನ್ನಡಕ ತೆಗೆದಳು, ಒರೆಸಿದಳು, ಹಾಕಿದಳು. ರಾಜಕುಮಾರಿ ಬಾಯಿ ಮುಚ್ಚಿದಳು. ಏಡಿ ತಲೆ ಬಾಗಿಸಿ ಅಡ್ಡಡ್ಡ ನಡೆದ. ಮಾವ ಯಂತ್ರ ಕೆಟ್ಟಿತೇನೋ ಎಂದು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಅವಳತ್ತ ನೋಡಿದ. ಏಡಿ ಕಂಬದ ಮರೆಗೆ ಹೋದ. ಪರದೆಯ ತುಂಬ ನಾಗರಾಜನ ಮುಖ ಬಂತು; ಬಿಳಿ ಹುಬ್ಬು, ಎದೆಯುದ್ದ ಗಡ್ಡ, ಕೊಂಬು. ಆಗ, ಯಾವಾಗಿನಂತೆ ಒಂದು ಹೆಜ್ಜೆ ತಡವಾಗಿ, ಆ ಮುದಿ ನಾಗರಾಜ ಹೇಳಿದ:

“ಆಞ್ ಓಯ್, ಹೋಗ್ಬೇಡ್ರೀ.”

ಸ್ಪೀಕರು ಕೀಂಯ್ ಎಂದು ಕಿರುಚಿತು. ತಾಮ್ ಮಾವನ ಕೈ ಜೀವಮಾನದಲ್ಲಿ ಮೊದಲ ಸಲ ತಪ್ಪು ಗುಂಡಿಯ ಮೇಲೆ ಬಿದ್ದಿತ್ತು.

ಸದ್ದು ಅಡಗಿದ ಮೇಲೆ ಮುಂದಿನ ಕುರ್ಚಿಯಿಂದ ಹಾಯ್ ಅಜ್ಜಿ, “ಅಯ್ಯೋ ಶಿವನೆ, ಆ ಗಡ್ಡದವನಿಗೂ ಇವನೇ ಬೇಕಾ?” ಎಂದಳು. ಅಂಗಳ ಬಿರಿಯುವಂತೆ ನಗು ಎದ್ದಿತು. ಅಜ್ಜಿ ನಿಜವಾಗಿ ಯಾವ ದೇವರನ್ನು ಕರೆದಳೆಂದು ನಿಮಗೆ ಹೇಳಿದರೆ ತಿಳಿಯದು, ಅದಕ್ಕೆ ಶಿವನನ್ನು ಕರೆಸಿದ್ದೇನೆ.

ಅತ್ತೆ ತಲೆ ಎತ್ತಲಿಲ್ಲ. ಅವಳ ಕಿವಿ ಏಡಿಯ ಬಣ್ಣಕ್ಕೆ ತಿರುಗಿತ್ತು. ಮಾವ ಹೆಡ್‌ಫೋನು ಕಳಚಿ ಎದ್ದ. ಸುತ್ತ ನೋಡಿದ. ಬಯಲಿನಲ್ಲಿ ಹಾಕಲು ಕಿಟಕಿ ಎಲ್ಲಿದೆ? ನನ್ನ ಕಾಲ ಬಳಿ ಉರಿಯುತ್ತಿದ್ದ ಸೊಳ್ಳೆಬತ್ತಿಯನ್ನು ತ‌ಟ್ಟೆಯ ಸಮೇತ, ನನ್ನನ್ನು ಒಂದು ಮಾತೂ ಕೇಳದೆ, ಎತ್ತಿಕೊಂಡು ಹೋಗಿ ಅವಳ ಪಾದದ ಪಕ್ಕ ಇಟ್ಟ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಬೆರಳು ಒದ್ದೆ ಮಾಡಿ ನೋಡಿ, ತಟ್ಟೆಯನ್ನು ಒಂದು ಗೇಣು ಸರಿಸಿದ.

“ಓದು, ಎಮ್,” ಎಂದ.

ಎಮ್ ಎಂದರೆ ತಂಗಿ. ಸಂಖ್ಯೆ ಹಚ್ಚಿದರೆ ತಂಗಿ. ಅವನೂ ಹಚ್ಚಲಿಲ್ಲ. ಮೈಕು ತೆರೆದೇ ಇತ್ತು, ಹಾಗಾಗಿ ಅದೂ ನಾಗರಾಜನ ಲೆಕ್ಕಕ್ಕೇ ಜಮೆಯಾಯಿತು.

ಅವಳು ಓದಿದಳು. ಏನು ಓದಿದಳೋ ಯಾರಿಗೂ ನೆನಪಿಲ್ಲ. ಪರದೆಯ ಮೇಲೆ ದೀಪ ಸಿಕ್ಕಿತು, ದೇವತೆಗಳು ನಿಜವಾಗಿಯೂ ಐದು ಬಣ್ಣದ ಮೋಡದ ಮೇಲೆ ಬಂದರು, ಪಂಡಿತನ ಮದುವೆಯಾಯಿತು. ಇಡೀ ಊರು ಮೇಜಿನ ಕಡೆಗೇ ತಿರುಗಿ ಕೂತಿತ್ತು.

ಮರುದಿನ ಅಣ್ಣನ ಮಗ ಲಾರಿ ತಂದ. ಎರಡು ಬಟ್ಟಲು ಚೆ ಕುಡಿದು, ಒಂದು ಕೆಟ್ಟ ಫ್ಯಾನು ರಿಪೇರಿ ಮಾಡಿಸಿಕೊಂಡು, ವಾಪಸು ಹೋದ. ಒಲೆಯ ದೇವರು ಸ್ವರ್ಗಕ್ಕೆ ಕೊಟ್ಟ ವರದಿಯಲ್ಲಿ ಈ ವರ್ಷ ನಮ್ಮೂರಿನ ಬಗ್ಗೆ ಒಂದು ಸಾಲು ಹೆಚ್ಚಿಗೆ ಇದ್ದಿರಬೇಕು. ಸಂತೆಯಲ್ಲಂತೂ ರಾಜಕುಮಾರಿ ಏಡಿಯ ಜೊತೆ ಉಳಿದಳೆಂಬುದು ಬೆಳಗ್ಗೆಯೇ ಸ್ಥಿರವಾಗಿತ್ತು. ನಾನು ತಿದ್ದಲು ಹೋದೆ. ಹಾಗಲ್ಲ, ನಾನೇ ಬರೆದುಕೊಟ್ಟವನು, ಅವಳು ಮದುವೆಯಾದದ್ದು ಪಂಡಿತನನ್ನು ಎಂದೆ. ಹಾಯ್ ಅಜ್ಜಿ ನನ್ನನ್ನು ಮರುಕದಿಂದ ನೋಡಿದಳು. “ನೀನು ಗೋಡೆ ನೋಡ್ತಿದ್ದೆ ಕಣೋ ಮಗ. ನಾವು ಕಥೆ ನೋಡ್ತಿದ್ವಿ,” ಎಂದಳು.

ಈಗ ಬೋರ್ಡು ಮತ್ತೆ ಏರಿದೆ, ಚೆ ಮತ್ತೆ ಸಿಹಿಯಾಗಿದೆ. ಆದರೆ ಊರಿನ ನೆಮ್ಮದಿ ಹೋಗಿದೆ. ಮೂವತ್ತು ವರ್ಷ ಹಿಡಿದಿಟ್ಟ ಮಾತನ್ನು ಅತ್ತೆ ಈಗ ಬಿಡುವಿಲ್ಲದೆ ಖರ್ಚು ಮಾಡುತ್ತಿದ್ದಾಳೆ. ಆಞ್ ಓಯ್, ಕೊಡೆ ಒಳಗೆ ತಗೊಳ್ರೀ. ಆಞ್ ಓಯ್, ಆ ಸ್ಪೀಕರ್ ಸದ್ದು ತಗ್ಗಿಸ್ರೀ. ರಸ್ತೆಯ ಈ ದಡದಿಂದ ಆ ದಡಕ್ಕೆ ಕೂಗುತ್ತಾಳೆ, ಅದೇ ಧಾಟಿಯಲ್ಲಿ, ರಾಜಕುಮಾರಿಯ ದನಿಯಲ್ಲಿ. ಸಂಖ್ಯೆ ಇಲ್ಲದ ಕರೆ ನೋಡಿ, ಯಾರಿಗೆಂದು ತಿಳಿಯುವುದಿಲ್ಲ. ಪ್ರತಿ ಸಲವೂ ಕಾಫಿ ಅಂಗಡಿಯಲ್ಲಿ ಕೂತ ಗಂಡಸರೆಲ್ಲ ಒಟ್ಟಿಗೆ ತಲೆ ಎತ್ತುತ್ತೇವೆ. ಮೊನ್ನೆ ಲ್ವಾನ್ ಅರ್ಧ ಎದ್ದೇ ನಿಂತಿದ್ದ. ನಾನು ಕೂತಲ್ಲೇ ಇದ್ದೆ, ಆದರೆ ಕೈ ತನ್ನಷ್ಟಕ್ಕೆ ತಾನೇ ಪಕ್ಕದ ಕಿಟಕಿಯ ಕಡೆಗೆ ಹೋಗಿತ್ತು.